ದೊಡ್ಡ ಲಾಕನ್ನ ಒಡೆದು ಸಣ್ಣದು ಮಾಡೋದು ಹೇಗೆ: ಲಿನಕ್ಸ್ ಕರ್ನಲ್ ಮೆಮೊರಿ ಕೋಡಲ್ಲಿ ಕೈ ಹಾಕೋರಿಗೆ

ಮದುವೆ ಮನೇಲಿ ಉಗ್ರಾಣದ ಬೀಗದ ಕೈ ಒಬ್ರ ಸೊಂಟದಲ್ಲೇ ಇರತ್ತೆ. ಅಡುಗೆಯವ್ರಿಗೆ ಬೆಲ್ಲ ಬೇಕು, ಪುರೋಹಿತ್ರಿಗೆ ಅಕ್ಕಿ ಬೇಕು, ಇನ್ಯಾರಿಗೋ ಎಲೆ ಕಟ್ಟು ಬೇಕು, ಎಲ್ರೂ ಅದೇ ಬಾಗಿಲ ಮುಂದೆ ಕಾಯ್ತಾ ನಿಂತಿರ್ತಾರೆ. ಲಿನಕ್ಸಲ್ಲಿ ಒಂದು ಪ್ರೋಸೆಸ್ಸಿನ ಅಡ್ರೆಸ್ ಸ್ಪೇಸಿಗೆ ಇರೋ ಎಂಮ್ಯಾಪ್ ಲಾಕ್ ಅನ್ನೋದು ಇಂಥದ್ದೇ ಬೀಗ, ನೂರು ಥ್ರೆಡ್ ಇದ್ರೂ ಎಲ್ಲಕ್ಕೂ ಸೇರಿ ಇರೋದು ಒಂದೇ. ಪೇಜ್ ಫಾಲ್ಟ್ (ಮುಟ್ಟಿದ ಅಡ್ರೆಸ್ಸಿಗೆ ಇನ್ನೂ ಪೇಜ್ ಇಲ್ದೆ ಕರ್ನಲ್ ಬಂದು ಜೋಡಿಸ್ಬೇಕಾಗೋದು) ಬಂದ್ರೆ ಅದನ್ನ ರೀಡ್ ಸೈಡಲ್ಲಿ, ಅಂದ್ರೆ ಹಲವರು ಒಟ್ಟಿಗೆ ಹಿಡಿಯೋ ಹಾಗೆ ಹಿಡೀಬೇಕಿತ್ತು, ಮೆಮೊರಿ ಜೋಡಿಸೋ, ಬಿಡೋ, ಅನುಮತಿ ಬದಲಾಯಿಸೋ ಎಂಮ್ಯಾಪ್, ಮನ್‌ಮ್ಯಾಪ್, ಎಂಪ್ರೊಟೆಕ್ಟ್ ಮಾಡೋರು ರೈಟ್ ಸೈಡಲ್ಲಿ, ಅಂದ್ರೆ ಒಬ್ರೇ ಹಿಡೀಬೇಕು, ಅದೂ ಅಲ್ದೆ ಒಬ್ಬ ರೈಟರ್ ಕ್ಯೂನಲ್ಲಿ ಬಂದು ನಿಂತ ಅಂದ್ರೆ ಅವನ ಹಿಂದೆ ಬರೋ ರೀಡರ್‌ಗಳೆಲ್ಲ ಸಾಮಾನ್ಯವಾಗಿ ಅವನ ಸರದಿ ಮುಗಿಯೋವರ್ಗೂ ನಿಲ್ಲಬೇಕು.

ನಾನು ಈ ತಾಪತ್ರಯಾನ ಮೊದ್ಲು ನೋಡಿದ್ದು ಕೆಲಸದಲ್ಲಿ, ಒಂದು ಸರ್ವರ್ ಪ್ರತಿ ನಿಮಿಷಕ್ಕೊಂದ್ಸಲ ಸುಮ್ನೆ ತಡವರಿಸ್ತಿತ್ತು, ಸಿಪಿಯು ಖಾಲಿ, ಡಿಸ್ಕ್ ಖಾಲಿ, ಆದ್ರೂ ರಿಕ್ವೆಸ್ಟ್‌ಗಳು ನಿಂತುಬಿಡ್ತಿದ್ವು. ಎರಡು ದಿನ ತಲೆ ಕೆಡಿಸ್ಕೊಂಡ ಮೇಲೆ ಗೊತ್ತಾಯ್ತು, ಒಂದು ಮಾನಿಟರಿಂಗ್ ಸ್ಕ್ರಿಪ್ಟ್ ನಿಮಿಷಕ್ಕೊಮ್ಮೆ ಆ ಪ್ರೋಸೆಸ್ಸಿನ ಎಸ್‌ಮ್ಯಾಪ್ಸ್ ಫೈಲ್ (ಯಾವ ಜಾಗದಲ್ಲಿ ಎಷ್ಟು ಮೆಮೊರಿ ಅಂತ ಹೇಳೋದು) ಓದ್ತಿತ್ತು, ಅದು ಓದ್ವಾಗ ರೀಡ್ ಲಾಕ್ ಹಿಡ್ಕೊಂಡು ಪೇಜ್ ಟೇಬಲ್ (ಅಡ್ರೆಸ್ಸಿಂದ ನಿಜವಾದ ಮೆಮೊರಿಗೆ ದಾರಿ ತೋರ್ಸೋ ಪಟ್ಟಿ) ಎಲ್ಲಾ ಸುತ್ತಾಡ್ತಿತ್ತು, ಅಷ್ಟರಲ್ಲಿ ಯಾವ್ದೋ ಥ್ರೆಡ್ ಎಂಮ್ಯಾಪ್ ಮಾಡೋಕೆ ಬಂದು ಕಾಯ್ತಿತ್ತು, ಅದರ ಬೆನ್ನಿಗೆ ಮಿಕ್ಕ ಥ್ರೆಡ್‌ಗಳ ಪೇಜ್ ಫಾಲ್ಟ್‌ಗಳೆಲ್ಲ ಸಾಲಾಗಿ ನಿಂತಿದ್ವು. ಓದೋ ಕೆಲಸ ಒಂದು ಇಡೀ ಸರ್ವರನ್ನ ನಿಲ್ಲಿಸ್ತು. ಅವತ್ತಿಂದ ನನಗೆ ಈ ವಿಷಯದ ಮೇಲೆ ತುಂಬಾ ಆಸಕ್ತಿ, ಲಾಕ್ ಒಡೆಯೋದು ಹೇಗೆ ಅಂತ ಕಲಿಯೋಕೆ ಎಂಮ್ಯಾಪ್ ಲಾಕಿಂದ ವಿಎಂಎ (ಅಡ್ರೆಸ್ ಸ್ಪೇಸಿನ ಒಂದು ತುಂಡು) ಲಾಕಿಗೆ ಲಿನಕ್ಸ್ ಬಂದ ದಾರಿಗಿಂತ ಒಳ್ಳೆ ಪಾಠ ನನಗೆ ಸಿಕ್ಕಿಲ್ಲ, ಅದನ್ನೇ ಇಟ್ಕೊಂಡು ಹೇಳ್ತೀನಿ.

ಲಾಕ್ ಮುಟ್ಟೋಕೆ ಮುಂಚೆ ಅಳತೆ ಮಾಡಿ. ಪರ್ಫ್ ಟೂಲಲ್ಲಿ ಲಾಕ್ ಕಂಟೆನ್ಶನ್ ಅಂತ ಸಬ್‌ಕಮಾಂಡ್ ಇದೆ, ಅದು ಯಾವ ಲಾಕಿಗೆ ಯಾರು ಎಲ್ಲಿಂದ ಬಂದು ಎಷ್ಟು ಹೊತ್ತು ಕಾದ್ರು ಅಂತ ಹೇಳತ್ತೆ. ಕರ್ನಲ್ ಬಿಲ್ಡ್ ಮಾಡ್ವಾಗ ಲಾಕ್ ಸ್ಟ್ಯಾಟ್ ಆಪ್ಷನ್ ಆನ್ ಮಾಡಿದ್ರೆ ಪ್ರಾಕ್ ಕೆಳಗೆ ಲಾಕ್ ಸ್ಟ್ಯಾಟ್ ಫೈಲ್ ಬರತ್ತೆ, ಅದರಲ್ಲಿ ಕಾದ ಸಮಯ ಬೇರೆ, ಹಿಡ್ಕೊಂಡಿದ್ದ ಸಮಯ ಬೇರೆ ಕಾಣತ್ತೆ. ಈ ಎರಡನ್ನ ಬೇರೆ ಬೇರೆ ನೋಡೋದು ತುಂಬಾ ಮುಖ್ಯ. ಹಿಡ್ಕೊಂಡಿರೋ ಸಮಯವೇ ಜಾಸ್ತಿ ಇದ್ರೆ ಒಳಗಡೆ ಯಾರೋ ಮೆಮೊರಿ ಅಲೊಕೇಟ್ ಮಾಡ್ತಿರ್ತಾರೆ ಅಥವಾ ಯೂಸರ್ ಸ್ಪೇಸಿಗೆ ಕಾಪಿ ಮಾಡ್ತಿರ್ತಾರೆ, ಅದನ್ನ ಲಾಕಿನ ಹೊರಗೆ ತಂದ್ರೆ ಸಾಕು, ಲಾಕ್ ಒಡೆಯೋ ಅಗತ್ಯವೇ ಬೀಳಲ್ಲ. ಹಿಡ್ಕೊಳ್ಳೋದು ಚಿಕ್ಕದು ಆದ್ರೆ ಹಿಡಿಯೋರು ಸಾವಿರ ಜನ, ಅದೂ ಒಬ್ರಿಗೊಬ್ರು ಸಂಬಂಧವೇ ಇಲ್ದಿರೋ ಜಾಗಕ್ಕೆ ಬಂದೋರು ಅಂತಾದ್ರೆ ಮಾತ್ರ ಗ್ರ್ಯಾನ್ಯುಲಾರಿಟಿ, ಅಂದ್ರೆ ಒಂದು ಲಾಕ್ ಎಷ್ಟು ದೊಡ್ಡ ಜಾಗ ಕಾಯ್ಬೇಕು ಅನ್ನೋ ಪ್ರಶ್ನೆ. ಆಂಡ್ರಾಯ್ಡಲ್ಲಿ ಆ್ಯಪ್ ಓಪನ್ ಆಗ್ವಾಗ ಆಗ್ತಿದ್ದಿದ್ದು ಇದೇ, ಒಂದ್ ಕಡೆ ಹೊಸ ಥ್ರೆಡ್‌ಗಳಿಗೆ ಸ್ಟಾಕ್ ಬೇಕು ಅಂತ ಎಂಮ್ಯಾಪ್, ಇನ್ನೊಂದ್ ಕಡೆ ಪೇಜ್ ಫಾಲ್ಟ್‌ಗಳ ಸುರಿಮಳೆ, ಎರಡೂ ಬೇರೆ ಬೇರೆ ವಿಎಂಎ ಮೇಲೆ, ಆದ್ರೆ ಲಾಕ್ ಒಂದೇ.

ಆಮೇಲೆ ಒಂದು ಖಾಲಿ ಹಾಳೆ ತಗೊಂಡು ಈ ಲಾಕ್ ಏನೇನನ್ನ ಕಾಪಾಡ್ತಿದೆ ಅಂತ ಬರೀರಿ. ಇದು ಬೋರಿಂಗ್ ಕೆಲಸ ಅನ್ಸತ್ತೆ, ಆದ್ರೆ ನನ್ನ ಪ್ರಕಾರ ಅರ್ಧಕ್ಕಿಂತ ಹೆಚ್ಚು ಕೆಲಸ ಇದೇ. ಸ್ಟ್ರಕ್ಟ್‌ನಲ್ಲಿ ಲಾಕ್ ಪಕ್ಕ ಇರೋ ಫೀಲ್ಡ್‌ಗಳನ್ನ ಬರೆದ್ರೆ ಮುಗೀತು ಅಂದ್ಕೋಬೇಡಿ, ಹಳೇ ದೊಡ್ಡ ಲಾಕ್ ಇದೆಯಲ್ಲ ಅದು ಯಾರೂ ಹೇಳದೆ ಯಾರೂ ಬರೆಯದೆ ಎಷ್ಟೋ ಕೆಲಸ ಸುಮ್ನೆ ಮಾಡ್ಕೊಂಡು ಹೋಗ್ತಿರತ್ತೆ. ಒಂದು ಉದಾಹರಣೆ ಹತ್ತಿರದಿಂದ ನೋಡಿ. ಮೆಮೊರಿಯನ್ನ ಬೇರೆ ಅಡ್ರೆಸ್ಸಿಗೆ ಸಾಗಿಸೋ ಎಂರೀಮ್ಯಾಪ್ ಕೋಡಲ್ಲಿ ಪೇಜ್ ಟೇಬಲ್ ಎಂಟ್ರಿಗಳನ್ನ ಒಂದ್ ಕಡೆಯಿಂದ ಇನ್ನೊಂದ್ ಕಡೆಗೆ ಸಾಗಿಸೋ ಫಂಕ್ಷನ್ ಇದೆ, ಅದು ಹಳೇ ಪೇಜ್ ಟೇಬಲ್ ಲಾಕ್ ಹಿಡಿಯತ್ತೆ, ಅದರೊಳಗೇ ಹೊಸ ಪೇಜ್ ಟೇಬಲ್ ಲಾಕೂ ಹಿಡಿಯತ್ತೆ, ಎರಡೂ ಒಂದೇ ಜಾತಿ ಲಾಕ್. ಯಾವ್ದು ಮೊದ್ಲು ಯಾವ್ದು ಆಮೇಲೆ ಅಂತ ಕ್ರಮವೇ ಇಲ್ಲ. ಇಬ್ರು ಎದುರು ಬದ್ರು ಸಾಗಿಸಿದ್ರೆ ಒಬ್ರನ್ನೊಬ್ರು ಕಾಯ್ತಾ ನಿಂತುಬಿಡೋ ಡೆಡ್‌ಲಾಕ್ ಆಗ್ಬೇಕಲ್ವಾ ಅಂದ್ರೆ, ಅಲ್ಲೇ ಕಾಮೆಂಟ್ ಇದೆ, ಎಂಮ್ಯಾಪ್ ಲಾಕನ್ನ ಎಕ್ಸ್‌ಕ್ಲೂಸಿವ್ ಆಗಿ ಹಿಡಿದಿರೋದ್ರಿಂದ ಡೆಡ್‌ಲಾಕ್ ಆಗಲ್ಲ ಅಂತ. ಪುಣ್ಯಕ್ಕೆ ಯಾರೋ ಬರೆದಿಟ್ಟಿದ್ದಾರೆ. ನಾಳೆ ನೀವು ಆ ಹೊರಗಿನ ಲಾಕ್ ತೆಗೆದ್ರೆ ಒಳಗಿನ ಎರಡು ಲಾಕ್‌ಗಳ ಕ್ರಮ ನೀವೇ ಕೊಡ್ಬೇಕು. ಕಾಮೆಂಟ್ ಇಲ್ದಿರೋ ಕಡೆ ಇಂಥವನ್ನ ಹುಡುಕೋದೇ ನಿಮ್ಮ ಹಾಳೆ ಕೆಲಸ. ಆರ್‌ಮ್ಯಾಪ್ ಫೈಲಿನ ಶುರುವಲ್ಲಿ ಮೆಮೊರಿ ಲಾಕ್‌ಗಳು ಯಾವ್ದರೊಳಗೆ ಯಾವ್ದು ಅಂತ ಒಂದು ಉದ್ದ ಪಟ್ಟಿ ಇದೆ, ಅದನ್ನ ಪ್ರಿಂಟ್ ತೆಗೆದು ಪಕ್ಕದಲ್ಲಿ ಇಟ್ಕೊಳ್ಳಿ.

ಹಾಳೆ ತುಂಬಿದ ಮೇಲೂ ಲಾಕ್ ಒಡೀಬೇಡಿ, ಮೊದ್ಲು ವ್ರ್ಯಾಪರ್ (ಲಾಕ್ ಹಿಡಿಯೋ ಕೆಲಸವನ್ನ ಸುತ್ತಿಟ್ಟ ಸಣ್ಣ ಫಂಕ್ಷನ್) ಹಾಕಿ. ಮುಂಚೆ ಎಂಮ್ಯಾಪ್ ಸೆಮ್ ಅಂತಿದ್ದ ಈ ಲಾಕನ್ನ ಕರ್ನಲ್ ತುಂಬಾ ಎಲ್ಲೆಲ್ಲೋ ನೇರವಾಗಿ ಡೌನ್ ರೀಡ್, ಡೌನ್ ರೈಟ್ ಅಂತ ಹಿಡೀತಿದ್ರು. 2020ರಲ್ಲಿ ಕರ್ನಲ್ 5.8 ಬಂದಾಗ ಮಿಷೆಲ್ ಲೆಸ್ಪಿನಾಸ್ ಅವ್ರು ಇದನ್ನೆಲ್ಲ ಎಂಮ್ಯಾಪ್ ರೀಡ್ ಲಾಕ್, ಎಂಮ್ಯಾಪ್ ರೈಟ್ ಲಾಕ್ ಅನ್ನೋ ಸಣ್ಣ ಫಂಕ್ಷನ್‌ಗಳಿಗೆ ಬದಲಾಯಿಸಿದ್ರು, ಕಾಕ್ಸಿನೆಲ್ ಅನ್ನೋ ಟೂಲಲ್ಲಿ ಬಹುಪಾಲು ಬದಲಾವಣೆ ಮಾಡಿಸಿ ಮಿಕ್ಕಿದ್ದನ್ನ ಕೈಯಲ್ಲಿ ಮುಗಿಸಿದ್ರು. ನಡವಳಿಕೆ ಒಂದು ಎಳ್ಳಷ್ಟೂ ಬದಲಾಗ್ಲಿಲ್ಲ, ಆದ್ರೆ ಮುಂದಿನ ಎಲ್ಲಾ ಕೆಲಸಕ್ಕೂ ಕೈ ಹಾಕೋಕೆ ಒಂದೇ ಜಾಗ ಸಿಕ್ತು. 6.3ರಲ್ಲಿ ವಿಎಂಎ ಫ್ಲ್ಯಾಗ್‌ಗಳಿಗೂ ಹೀಗೇ ಮಾಡಿದ್ರು, ಇನ್ಮೇಲೆ ಯಾರೂ ನೇರವಾಗಿ ಆ ಫೀಲ್ಡಿಗೆ ಬರೆಯೋ ಹಾಗಿಲ್ಲ, ಸೆಟ್ ಕ್ಲಿಯರ್ ಫಂಕ್ಷನ್ ಮೂಲಕವೇ ಬರಬೇಕು. ಯಾಕೆ ಅಂದ್ರೆ ನಾಳೆ ಆ ಫಂಕ್ಷನ್ ಒಳಗೆ ಒಂದು ಲೈನ್ ಸೇರಿಸಿದ್ರೆ ಫ್ಲ್ಯಾಗ್ ಬದಲಾಯಿಸೋ ಪ್ರತಿಯೊಬ್ರೂ ತಾವಾಗೇ ವಿಎಂಎ ಲಾಕ್ ಹಿಡಿದಂಗಾಗತ್ತೆ. ನಿಮ್ಮ ಡ್ರೈವರ್ ಚಿಕ್ಕದಾದ್ರೂ ಇದನ್ನ ಬಿಡ್ಬೇಡಿ, ಈ ಪ್ಯಾಚಲ್ಲಿ ಬೇರೇನೂ ಬೆರೆಸ್ಬೇಡಿ.

ವ್ರ್ಯಾಪರ್ ಜೊತೆಗೆ ಅಸರ್ಟ್, ಅಂದ್ರೆ ಲಾಕ್ ಹಿಡಿದಿದ್ದಾರಾ ಅಂತ ಅಲ್ಲೇ ಪರೀಕ್ಷಿಸೋ ಲೈನ್ ಹಾಕಿ. ಹಾಳೇಲಿ ಬರೆದಿದ್ರಲ್ಲ, ಈ ಫೀಲ್ಡ್ ಮುಟ್ಟೋಕೆ ಈ ಲಾಕ್ ಬೇಕು ಅಂತ, ಅದನ್ನೇ ಕರ್ನಲ್ಲಿನ ಲಾಕ್ ತಪ್ಪು ಹಿಡಿಯೋ ಲಾಕ್‌ಡೆಪ್ ವ್ಯವಸ್ಥೆಯ ಲಾಕ್‌ಡೆಪ್ ಅಸರ್ಟ್ ಹೆಲ್ಡ್ ಅಂತ ಕೋಡಲ್ಲಿ ಬರೀರಿ. ಕಾಮೆಂಟ್ ಹಳಸತ್ತೆ, ಅಸರ್ಟ್ ಹಳಸಲ್ಲ, ಸುಳ್ಳಾದ ದಿನವೇ ಲಾಗಲ್ಲಿ ಕೂಗತ್ತೆ. ಇದನ್ನ ಹಾಕಿ ಒಂದಿಷ್ಟು ದಿನ ಹಳೇ ಲಾಕಲ್ಲೇ ಓಡಿಸಿ, ನೀವು ಬರೆದ ಹಾಳೇಲಿ ಎಷ್ಟು ತಪ್ಪಿತ್ತು ಅಂತ ಆಗ್ಲೇ ಗೊತ್ತಾಗತ್ತೆ.

ಈಗ ಹೊಸ ಲಾಕ್ ತನ್ನಿ, ಆದ್ರೆ ಹಳೇದನ್ನ ತೆಗೀಬೇಡಿ, ಹಳೇದರ ಒಳಗೇ ಹೊಸದನ್ನೂ ಹಿಡೀರಿ. ಸ್ಪೀಡ್ ಸಿಗಲ್ಲ, ಬದ್ಲಿಗೆ ಸ್ವಲ್ಪ ನಿಧಾನವೇ ಆಗತ್ತೆ, ಪರ್ವಾಗಿಲ್ಲ, ಯಾಕಂದ್ರೆ ಈ ಹಂತದಲ್ಲಿ ನೀವು ಎಲ್ಲಾದ್ರೂ ಹೊಸ ಲಾಕ್ ಹಿಡಿಯೋದು ಮರೆತಿದ್ರೂ ಹಳೇದು ಕಾಪಾಡತ್ತೆ, ಅಸರ್ಟ್ ಮಾತ್ರ ಕೂಗತ್ತೆ, ಡೇಟಾ ಹಾಳಾಗಲ್ಲ. ವಿಎಂಎ ಲಾಕಿನ ಬರೆಯೋ ಕಡೆ ಇವತ್ತಿಗೂ ಹೀಗೇ ಇದೆ ಅನ್ನೋದು ಗಮನಿಸ್ಬೇಕಾದ ವಿಷಯ, ವಿಎಂಎ ಬದಲಾಯಿಸೋರು ಎಂಮ್ಯಾಪ್ ಲಾಕನ್ನ ರೈಟಲ್ಲಿ ಹಿಡಿದು ಆಮೇಲೆ ವಿಎಂಎ ಸ್ಟಾರ್ಟ್ ರೈಟ್ ಕರೀತಾರೆ, ಎರಡೂ ಬೇಕು. ದೊಡ್ಡ ಲಾಕ್ ಬಿಟ್ಟು ಬದುಕೋಕೆ ಕಲಿತಿದ್ದು ಪೇಜ್ ಫಾಲ್ಟ್ ದಾರಿ, ಅಲ್ಲೇ ನೋವಿದ್ದಿದ್ದು. ಎಲ್ಲಾ ಕಡೆ ಒಡೀಬೇಕು ಅನ್ನೋ ಹಠ ಬೇಡ.

ದೊಡ್ಡ ಲಾಕ್ ಇಲ್ದೆ ಹೋಗೋ ದಾರಿ ಹೇಗಿರ್ಬೇಕು ಅಂತ ನೋಡೋಕೆ ಲಾಕ್ ವಿಎಂಎ ಅಂಡರ್ ಆರ್‌ಸಿಯು ಅನ್ನೋ ಫಂಕ್ಷನ್ ಕೂತ್ಕೊಂಡು ಓದಿ. 2023ರಲ್ಲಿ 6.4ರ ಜೊತೆ ಸುರೇನ್ ಬಾಗ್ದಸಾರ್ಯನ್ ಅವ್ರ ಪ್ಯಾಚಲ್ಲಿ ಬಂದಿದ್ದು. ಮೊದ್ಲು ಆರ್‌ಸಿಯು (ಲಾಕ್ ಇಲ್ದೆ ಓದೋಕೆ ಬಿಟ್ಟು, ಓದೋರು ಮುಗಿಸಿದ ಮೇಲೆ ಹಳೇದನ್ನ ಫ್ರೀ ಮಾಡೋ ಪದ್ಧತಿ) ಕೆಳಗೆ, ವಿಎಂಎಗಳನ್ನ ಜೋಡಿಸಿಟ್ಟಿರೋ ಮೇಪಲ್ ಟ್ರೀನಲ್ಲಿ ವಿಎಂಎ ಹುಡುಕತ್ತೆ, ಸಿಕ್ಕಿದ್ದನ್ನ ನಂಬಲ್ಲ. ಅದರ ಲಾಕಿಗೆ ಬರೀ ಟ್ರೈ ಮಾಡತ್ತೆ, ಸಿಗ್ಲಿಲ್ವಾ ಕಾಯಲ್ಲ, ವಾಪಸ್. ಸಿಕ್ತು ಅಂದ್ರೂ ಮತ್ತೆ ನೋಡತ್ತೆ: ನಾನು ಹುಡುಕಿ ಲಾಕ್ ಹಿಡಿಯೋ ನಡುವೆ ಇದನ್ನ ಟ್ರೀಯಿಂದ ಕಿತ್ತುಹಾಕಿದ್ರಾ, ನನ್ನ ಅಡ್ರೆಸ್ ಇನ್ನೂ ಇದರ ಶುರು ಮತ್ತೆ ಕೊನೆ ನಡುವೆ ಇದ್ಯಾ? ಎಲ್ಲಾದ್ರೂ ಅನುಮಾನ ಬಂದ್ರೆ ಲಾಕ್ ಬಿಟ್ಟು ಹಳೇ ಎಂಮ್ಯಾಪ್ ಲಾಕ್ ದಾರಿಗೆ ಹೋಗತ್ತೆ. ಹುಡುಕು, ಟ್ರೈ ಮಾಡು, ಮತ್ತೆ ನೋಡು, ಆಗ್ಲಿಲ್ವಾ ಹಳೇ ದಾರಿ ಹಿಡಿ. ಹಳೇ ದಾರಿ ಯಾವತ್ತೂ ಸರಿಯಾಗೇ ಇರೋದ್ರಿಂದ ಹೊಸ ದಾರಿ ಸುಲಭದ ಕೇಸುಗಳನ್ನ ಮಾತ್ರ ನೋಡ್ಕೊಂಡ್ರೆ ಸಾಕು, ಹಾಗೇ ಮಾಡಿದ್ರು ಕೂಡ, ಮೊದಲ ದಿನ ಬರೀ ಅನಾನಿಮಸ್ (ಯಾವ ಫೈಲಿಗೂ ಸೇರದ) ಮೆಮೊರಿ ಫಾಲ್ಟ್, ಆಮೇಲಾಮೇಲೆ ಸ್ವಾಪ್, ಯೂಸರ್‌ಫಾಲ್ಟ್‌ಎಫ್‌ಡಿ (ಫಾಲ್ಟನ್ನ ಪ್ರೋಗ್ರಾಮೇ ನೋಡ್ಕೊಳ್ಳೋದು), ಫೈಲ್ ಫಾಲ್ಟ್ ಎಲ್ಲಾ ಒಂದೊಂದಾಗಿ ಸೇರಿಸಿದ್ರು.

ಬಿಡೋ ಕಡೆ ಒಂದು ಚಂದದ ಉಪಾಯ ಇದೆ, ಹೇಳ್ಲೇಬೇಕು. ಒಂದು ರೈಟರ್ ಹತ್ತಾರು ವಿಎಂಎ ಲಾಕ್ ಮಾಡಿರ್ಬಹುದು, ಬಿಡ್ವಾಗ ಒಂದೊಂದನ್ನೇ ಹುಡುಕ್ಕೊಂಡು ಹೋಗಿ ಬಿಡ್ಬೇಕಾ? ಬೇಡ. ಪ್ರೋಸೆಸ್ಸಿಗೆ ಒಂದು ಸೀಕ್ವೆನ್ಸ್ ನಂಬರ್, ವಿಎಂಎಗೂ ಒಂದು. ಎರಡೂ ಒಂದೇ ಆಗಿದ್ರೆ ಆ ವಿಎಂಎ ರೈಟ್ ಲಾಕ್ ಆಗಿದೆ ಅಂತ ಅರ್ಥ. ಎಂಮ್ಯಾಪ್ ರೈಟ್ ಲಾಕ್ ಬಿಡ್ವಾಗ ಪ್ರೋಸೆಸ್ಸಿನ ನಂಬರ್ ಒಂದು ಏರಿಸಿದ್ರೆ ಮುಗೀತು, ಎಲ್ಲಾ ವಿಎಂಎಗಳೂ ಒಟ್ಟಿಗೆ ಬಿಡುಗಡೆ. ಬಿಡೋದು ಮರೆತೆ ಅನ್ನೋ ಬಗ್ ಬರೋಕೆ ದಾರಿಯೇ ಇಲ್ಲ.

ನಿಮ್ಮ ಹೊಸ ಲಾಕ್ ಯಾವ ಆಬ್ಜೆಕ್ಟ್ ಒಳಗಿದೆ, ಆ ಆಬ್ಜೆಕ್ಟ್ ಎಷ್ಟು ದಿನ ಬದುಕತ್ತೆ ಅನ್ನೋದನ್ನೂ ನೋಡಿ. ದೊಡ್ಡ ಲಾಕ್ ಇದ್ದಾಗ ಈ ಪ್ರಶ್ನೆ ಬರಲ್ಲ, ಅದು ಎಲ್ಲರಿಗಿಂತ ಜಾಸ್ತಿ ಬಾಳತ್ತೆ. ನಾನೇ ಒಂದ್ಸಲ ಬಫರ್‌ಗಳ ಪಟ್ಟಿಗಿದ್ದ ಒಂದು ಮ್ಯೂಟೆಕ್ಸನ್ನ ಬಫರಿಗೊಂದು ಮಾಡಿದ್ದೆ, ಪಟ್ಟಿ ಲಾಕ್ ಹಿಡಿದು ಬಫರ್ ಹುಡುಕಿ, ಪಟ್ಟಿ ಲಾಕ್ ಬಿಟ್ಟು, ಬಫರ್ ಲಾಕ್ ಹಿಡಿಯೋದು. ಆ ಬಿಟ್ಟು ಹಿಡಿಯೋ ಸಂದಿಯಲ್ಲಿ ಇನ್ನೊಂದು ಥ್ರೆಡ್ ಬಂದು ಬಫರ್ ಫ್ರೀ ಮಾಡ್ತಿತ್ತು, ನಾನು ಹಿಡಿದಿದ್ದು ಸತ್ತ ಮೆಮೊರಿಯ ಲಾಕ್. ನನ್ನ ಟೆಸ್ಟಲ್ಲಿ ಒಂದ್ಸಲಾನೂ ಕಾಣ್ಲಿಲ್ಲ, ಕೆಸಾನ್ (ತಪ್ಪು ಮೆಮೊರಿ ಮುಟ್ಟಿದ್ರೆ ಹಿಡಿಯೋ ಟೂಲ್) ಹಾಕಿ ಬಿಟ್ಟ ಮಷೀನಲ್ಲಿ ಮೂರನೇ ದಿನ ರಾತ್ರಿ ಸಿಕ್ತು. ಪಟ್ಟಿ ಲಾಕ್ ಕೈಯಲ್ಲಿರ್ವಾಗ್ಲೇ ರೆಫರೆನ್ಸ್ ಕೌಂಟ್ (ಎಷ್ಟು ಜನ ಬಳಸ್ತಿದ್ದಾರೆ ಅನ್ನೋ ಲೆಕ್ಕ) ಏರಿಸಿದ್ರೆ ಮುಗೀತಿತ್ತು. ವಿಎಂಎ ಕಡೆ ಶುರುವಲ್ಲಿ ಆರ್‌ಸಿಯು ಮುಗಿಯೋವರ್ಗೂ ಫ್ರೀ ಮಾಡೋದನ್ನ ಮುಂದೂಡಿ ಇದನ್ನ ಕಾಪಾಡಿದ್ರು, ಆಮೇಲೆ ಲಾಕನ್ನೇ ರೆಫರೆನ್ಸ್ ಕೌಂಟ್ ರೂಪಕ್ಕೆ ತಂದ್ರು.

ಇಷ್ಟೆಲ್ಲಾ ಮಾಡಿದ್ರೂ ತಪ್ಪು ಎಲ್ಲಿ ಆಗತ್ತೆ ಅಂದ್ರೆ, ಉಗ್ರಾಣಕ್ಕೇ ವಾಪಸ್ ಬನ್ನಿ. ಒಂದು ಬೀಗ ತೆಗೆದು ಬೆಲ್ಲದ ಪೆಟ್ಟಿಗೆಗೊಂದು ಅಕ್ಕಿ ಪೆಟ್ಟಿಗೆಗೊಂದು ಬೀಗ ಹಾಕಿದ್ರಿ, ತಗೊಳ್ಳೋರಿಗೆಲ್ಲ ಸಲೀಸಾಯ್ತು. ಆದ್ರೆ ಕೊನೇಲಿ ಉಗ್ರಾಣಕ್ಕೆ ಬಂದು ಇಡೀ ಲೆಕ್ಕ ಬರೆಯೋರು ಒಬ್ರಿದ್ದಾರೆ, ದೊಡ್ಡ ಬೀಗದ ಕೈ ನನ್ನ ಹತ್ರ ಇದೆ ಅಂದ್ಮೇಲೆ ಒಳಗೆ ಯಾರೂ ಏನೂ ಮುಟ್ಟಲ್ಲ ಅಂತ ಅವ್ರು ನಂಬಿ ಕೂತಿದ್ದಾರೆ. ಅವ್ರಿಗೆ ಯಾರೂ ಹೇಳಿಲ್ಲ.

ಕರ್ನಲಲ್ಲಿ ಆ ಲೆಕ್ಕ ಬರೆಯೋರು ಫೋರ್ಕ್, ಅಂದ್ರೆ ಒಂದು ಪ್ರೋಸೆಸ್ಸಿನ ನಕಲು ಹುಟ್ಟಿಸೋ ಕೆಲಸ. ಫೋರ್ಕ್ ಆಗ್ವಾಗ ತಾಯಿ ಪ್ರೋಸೆಸ್ಸಿನ ಅನಾನಿಮಸ್ ಪೇಜ್‌ಗಳನ್ನ ರೈಟ್ ಪ್ರೊಟೆಕ್ಟ್ ಮಾಡಿ ಮಗು ಜೊತೆ ಹಂಚ್ಕೊಳ್ಳೋ ಹಾಗೆ ಮಾಡ್ತಾರೆ, ಯಾರಾದ್ರೂ ಬರೆದಾಗ ಕಾಪಿ ಆಗ್ಲಿ ಅಂತ. ಆ ಹೊತ್ತಲ್ಲಿ ತಾಯಿಯ ಎಂಮ್ಯಾಪ್ ಲಾಕ್ ರೈಟಲ್ಲಿ ಹಿಡಿದಿರತ್ತೆ, ಮುಂಚೆ ಅಷ್ಟು ಸಾಕಾಗಿತ್ತು, ಬೇರೆ ಥ್ರೆಡ್ಡಿನ ಪೇಜ್ ಫಾಲ್ಟ್ ಒಳಗೆ ಬರೋಕೇ ಆಗ್ತಿರ್ಲಿಲ್ಲ. 6.4ರಲ್ಲಿ ಪೇಜ್ ಫಾಲ್ಟಿಗೆ ಎಂಮ್ಯಾಪ್ ಲಾಕ್ ಬೇಕಾಗ್ಲಿಲ್ಲ, ಫೋರ್ಕ್ ಕೋಡ್ ಮಾತ್ರ ವಿಎಂಎಗಳನ್ನ ಲಾಕ್ ಮಾಡ್ದೇ ಕಾಪಿ ಮಾಡ್ತಾ ಹೋಯ್ತು. ಅರ್ಧ ಕಾಪಿ ಆಗಿರ್ವಾಗ ಪಕ್ಕದ ಥ್ರೆಡ್ ಅದೇ ವಿಎಂಎ ಮೇಲೆ ಫಾಲ್ಟ್ ತಗೊಂಡು ಹೊಸ ಪೇಜ್ ಮಾಡ್ಕೊಂಡು, ಅಷ್ಟೊತ್ತಿಗೆ ಇಲ್ದೇ ಇದ್ದ ಅನಾನ್ ವಿಎಂಎ (ಅನಾನಿಮಸ್ ಪೇಜ್ ಯಾವ ವಿಎಂಎಗಳಲ್ಲಿದೆ ಅಂತ ಲೆಕ್ಕ ಇಡೋ ಆಬ್ಜೆಕ್ಟ್) ಕೂಡ ಹುಟ್ಟಿಸಿಬಿಡೋ ಸಾಧ್ಯತೆ ಬಂತು. ಹಲವು ಥ್ರೆಡ್ ಇಟ್ಕೊಂಡು ಫೋರ್ಕ್ ಮಾಡೋ ಪ್ರೋಗ್ರಾಂಗಳಲ್ಲಿ ಮೆಮೊರಿ ಕರಪ್ಟ್ ಆಗೋಕೆ ಶುರುವಾಯ್ತು. 2023ರ ಜುಲೈನಲ್ಲಿ ಸರಿ ಮಾಡಿದ್ರು, ತಾಯಿಯ ಪ್ರತಿ ವಿಎಂಎಗೂ ಫೋರ್ಕಲ್ಲಿ ವಿಎಂಎ ಸ್ಟಾರ್ಟ್ ರೈಟ್ ಕರೆದ್ರೆ ಆಯ್ತು, ಬದಲಾವಣೆ ಅಷ್ಟು ಚಿಕ್ಕದು. ಅದರ ಬೆಲೆಯನ್ನೂ ಪ್ರಾಮಾಣಿಕವಾಗಿ ಪ್ಯಾಚಲ್ಲೇ ಬರೆದ್ರು, 56 ಕೋರ್ ಮಷೀನಲ್ಲಿ ಕರ್ನಲ್ ಬಿಲ್ಡ್ ಟೈಮಲ್ಲಿ ವ್ಯತ್ಯಾಸ ಕಾಣ್ಲಿಲ್ಲ, 10000 ವಿಎಂಎ ಮಾಡ್ಕೊಂಡು 5000 ಸಲ ಫೋರ್ಕ್ ಮಾಡೋ ಟೆಸ್ಟಲ್ಲಿ ಸುಮಾರು 5% ನಿಧಾನ ಆಯ್ತು ಅಂತ.

ಇದ್ರಲ್ಲಿ ನೋಡ್ಬೇಕಾಗಿರೋದು ಏನಂದ್ರೆ ಫೋರ್ಕ್ ಕೋಡಲ್ಲಿ ಯಾರೂ ಏನೂ ತಪ್ಪು ಬರೆದಿರ್ಲಿಲ್ಲ, ಆ ಲೈನ್‌ಗಳು ಇದ್ದಂಗೇ ಇದ್ವು. ಅದು ವಿಎಂಎ ಫೀಲ್ಡುಗಳನ್ನ ಬದಲಾಯಿಸ್ತಿರ್ಲಿಲ್ಲ, ಬರೀ ವಿಎಂಎ ಅಲುಗಾಡಲ್ಲ ಅಂತ ನಂಬಿತ್ತು, ಆದ್ದರಿಂದ ಬರೆಯೋರನ್ನ ಮಾತ್ರ ಹುಡುಕಿದ್ರೆ ಅದು ಸಿಗಲ್ಲ. ನಿಮ್ಮ ಹಾಳೇಲಿ ಇದಕ್ಕೇ ಒಂದು ಕಾಲಂ ಇಡಿ: ದೊಡ್ಡ ಲಾಕನ್ನ ರೈಟಲ್ಲಿ ಹಿಡಿಯೋ ಪ್ರತಿ ಜಾಗವನ್ನೂ ಬರೆದು, ಇಲ್ಲಿ ಹಿಡಿದಿರೋದು ಏನನ್ನೋ ಬದಲಾಯಿಸೋಕಾ, ಅಥವಾ ಬೇರೆಯವ್ರು ಒಳಗೆ ಬರಬಾರ್ದು ಅಂತಾನಾ ಅಂತ ಕೇಳ್ಕೊಳ್ಳಿ. ಎರಡನೇ ತರದವೇ ನಿಮ್ಮನ್ನ ಬೀಳಿಸೋದು.

ಹೀಗೇ ಅದೇ ವರ್ಷ ಸ್ಟಾಕ್‌ರಾಟ್ ಅನ್ನೋ ಸೆಕ್ಯೂರಿಟಿ ತೊಂದ್ರೆ ಬಂತು, ಸೆಕ್ಯೂರಿಟಿ ದೋಷಗಳ ಪಟ್ಟೀಲಿ ಸಿವಿಇ 2023-3269. ಸ್ಟಾಕ್ ಬೆಳೆಸೋ ಕೋಡ್ ಎಷ್ಟೋ ವರ್ಷದಿಂದ ರೀಡ್ ಲಾಕಲ್ಲೇ ವಿಎಂಎಯ ಶುರು ಅಡ್ರೆಸ್ ಬದಲಾಯಿಸ್ತಿತ್ತು, ಹಳೇ ರೆಡ್ ಬ್ಲ್ಯಾಕ್ ಟ್ರೀ ಇದ್ದಾಗ ಅದು ಹೇಗೋ ನಡೀತಿತ್ತು. 6.1ರಲ್ಲಿ ಮೇಪಲ್ ಟ್ರೀ ಬಂದ್ಮೇಲೆ ಅದೇ ಕೆಲಸಕ್ಕೆ ಟ್ರೀಯ ನೋಡ್ ಬದಲಾಯಿಸಿ ಹಳೇದನ್ನ ಫ್ರೀ ಮಾಡ್ಬೇಕಾಗ್ತಿತ್ತು, ರೀಡ್ ಲಾಕ್ ಹಿಡಿದಿದ್ದ ಇನ್ನೊಬ್ರ ಕೈಯಲ್ಲಿ ಆ ಹಳೇ ನೋಡ್ ಇನ್ನೂ ಇರ್ತಿತ್ತು. ಲಾಕ್ ಮುಟ್ಟದೆ ಲಾಕ್ ಒಳಗಿನ ಡೇಟಾ ಸ್ಟ್ರಕ್ಚರ್ ಬದಲಾಯಿಸಿದ್ರೂ ಹಾಳೆ ಮತ್ತೆ ಮೊದ್ಲಿಂದ ಬರೀಬೇಕು.

ಇನ್ನೊಂದು ತರದ ಗುಂಡಿ ಎಲ್‌ಆರ್‌ಯು ಲಾಕಲ್ಲಿ ಕಾಣತ್ತೆ, ಇತ್ತೀಚೆಗೆ ಯಾವ ಪೇಜ್ ಬಳಸಿದ್ರು ಅನ್ನೋ ಪಟ್ಟಿ ಕಾಯೋ ಲಾಕ್ ಅದು. ಅದು ಮುಂಚೆ ಮೆಮೊರಿ ಝೋನಿಗೊಂದಿತ್ತು, 4.8ರಲ್ಲಿ ಝೋನ್‌ಗಳೆಲ್ಲ ಸೇರಿದ ಮೆಮೊರಿ ನೋಡ್ ಒಂದಕ್ಕೆ ಒಂದಾಯ್ತು, 5.11ರಲ್ಲಿ ಅಲೆಕ್ಸ್ ಶಿ ಅವ್ರ ಕೆಲಸದಿಂದ ಮೆಮೊರಿ ಸಿಗ್ರೂಪಿಗೊಂದಾಯ್ತು (ಮೆಮೊರಿ ಮಿತಿ ಹಾಕೋಕೆ ಮಾಡಿದ ಪ್ರೋಸೆಸ್‌ಗಳ ಗುಂಪು). ಆದ್ರೆ ಪೇಜ್ ಒಂದು ಸಿಗ್ರೂಪಿಂದ ಇನ್ನೊಂದಕ್ಕೆ ಹೋಗ್ಬಹುದಲ್ಲ, ಆಗ ಈ ಪೇಜಿನ ಲಾಕ್ ಯಾವ್ದು ಅನ್ನೋದೇ ಬದಲಾಗತ್ತೆ, ನೀವು ಲಾಕ್ ಹುಡುಕಿ ಹಿಡಿಯೋಷ್ಟರಲ್ಲಿ ಅದು ನಿಮ್ಮ ಪೇಜಿನ ಲಾಕ್ ಆಗಿರಲ್ಲ. ಅದಕ್ಕೆ ಅವ್ರು ಪೇಜಿನ ಎಲ್‌ಆರ್‌ಯು ಬಿಟ್ಟನ್ನ ಅಟಾಮಿಕ್ಕಾಗಿ ತೆಗೆದವ್ರು ಮಾತ್ರ ಮುಂದೆ ಹೋಗ್ಬಹುದು, ಆ ಬಿಟ್ ತೆಗೆದಿರೋವರ್ಗೂ ಪೇಜ್ ಸಿಗ್ರೂಪ್ ಬದಲಾಯಿಸೋ ಹಾಗಿಲ್ಲ ಅಂತ ನಿಯಮ ಮಾಡಿದ್ರು. ನಿಮ್ಮಲ್ಲೂ ಆಬ್ಜೆಕ್ಟ್ ಮನೆ ಬದಲಾಯಿಸೋದಿದ್ರೆ ಇಂಥ ಒಂದು ಗೂಟ ಬೇಕು.

ಕ್ರಮದ ವಿಷಯ ಚಿಕ್ಕದಾಗಿ ಹೇಳ್ತೀನಿ. ಒಂದೇ ಜಾತಿ ಎರಡು ಲಾಕ್ ಹಿಡೀಬೇಕಾದ್ರೆ ಅಡ್ರೆಸ್ ಚಿಕ್ಕದಿರೋದು ಮೊದ್ಲು ಅಂತ ಮಾಡ್ಕೊಳ್ಳಿ. ಲಾಕ್‌ಡೆಪ್ ಲಾಕಿನ ಜಾತಿ ನೋಡತ್ತೆ, ಒಂದೊಂದು ಲಾಕನ್ನ ಬೇರೆ ಬೇರೆಯಾಗಿ ನೋಡಲ್ಲ, ಹಾಗಾಗಿ ಎರಡನೇದಕ್ಕೆ ನೆಸ್ಟೆಡ್ (ಬೇಕಂತಲೇ ಒಳಗೆ ಹಿಡಿದಿದ್ದು) ಅಂತ ಹೇಳ್ದಿದ್ರೆ ಬೈಯತ್ತೆ, ಬೈತು ಅಂತ ಯೋಚ್ನೆ ಮಾಡ್ದೆ ನೆಸ್ಟೆಡ್ ಹಾಕ್ಬಿಡ್ಬೇಡಿ, ಹಾಕಿದ್ಮೇಲೆ ನಿಜವಾದ ಡೆಡ್‌ಲಾಕನ್ನೂ ಅದು ಹೇಳಲ್ಲ. ಎಲ್ಲಾ ಸಣ್ಣ ಲಾಕೂ ಒಟ್ಟಿಗೆ ಹಿಡಿಯೋ ದಾರಿ ಇದ್ರೆ ಒಂದು ಟಾಸ್ಕಿಗೆ 48 ಲಾಕ್‌ವರ್ಗೆ ಮಾತ್ರ ಲಾಕ್‌ಡೆಪ್ ಲೆಕ್ಕ ಇಡತ್ತೆ ಅನ್ನೋದು ನೆನಪಿರ್ಲಿ.

ಎಷ್ಟು ಸಣ್ಣದು ಮಾಡ್ಬೇಕು ಅನ್ನೋದಕ್ಕೆ ಪೇಜ್ ಟೇಬಲ್ ಲಾಕ್ ನೋಡಿ. 2005ರಲ್ಲಿ 2.6.15 ಹೊತ್ತಿಗೆ ಹ್ಯೂ ಡಿಕಿನ್ಸ್ ಅವ್ರು ಅದನ್ನ ಪ್ರೋಸೆಸ್ಸಿಗೊಂದು ಇದ್ದಿದ್ದನ್ನ ಪೇಜ್ ಟೇಬಲ್ ಪೇಜಿಗೊಂದು ಮಾಡಿದ್ರು. 64 ಬಿಟ್ ಎಕ್ಸ್86ರಲ್ಲಿ ಅಂಥ ಒಂದು 4 ಕೆಬಿ ಪೇಜಲ್ಲಿ 512 ಎಂಟ್ರಿ, ಅಂದ್ರೆ ಒಂದು ಲಾಕ್ 2 ಎಂಬಿ ಅಡ್ರೆಸ್ಸಿಗೆ. ಎಂಟ್ರಿಗೊಂದು ಲಾಕ್ ಯಾರೂ ಮಾಡ್ಲಿಲ್ಲ, ಸಾಲಾಗಿ 512 ಎಂಟ್ರಿ ನೋಡೋರಿಗೆ 512 ಲಾಕ್ ಹಿಡಿಯೋ ಖರ್ಚು ಯಾರಿಗೆ ಬೇಕು. ಸಿಪಿಯು ಕಡಿಮೆ ಇರೋ ಬಿಲ್ಡಲ್ಲಿ ಆ ಒಡೆತ ಆಫ್ ಕೂಡ ಆಗತ್ತೆ. ಲಾಕ್ ಎಲ್ಲಿ ಕೂರತ್ತೆ ಅನ್ನೋದೂ ಬೆಲೆ ಕೇಳತ್ತೆ, ವಿಎಂಎ ಲಾಕನ್ನ ಮೊದ್ಲು ವಿಎಂಎ ಒಳಗೇ ಇಟ್ಟಾಗ ಲಾಕಿನ ಕೌಂಟ್ ಪದೇ ಪದೇ ಬದಲಾಗಿ ಪಕ್ಕದಲ್ಲಿದ್ದ, ಬರೀ ಓದೋ ಫೀಲ್ಡ್‌ಗಳ ಕ್ಯಾಶ್ ಲೈನೂ (ಸಿಪಿಯು ಒಂದೇ ಸಲಕ್ಕೆ ತರೋ ಮೆಮೊರಿ ತುಂಡು) ಸಿಪಿಯುಗಳ ನಡುವೆ ಓಡಾಡೋಕೆ ಶುರುವಾಯ್ತು, ಬೇರೆ ಅಲೊಕೇಶನ್ನಿಗೆ ತೆಗೆದು ಹಾಕ್ಬೇಕಾಯ್ತು, ಆಮೇಲೆ ಎಷ್ಟೋ ವರ್ಷನ್ ಆದ್ಮೇಲೆ ಕ್ಯಾಶ್ ಲೈನ್ ಜೋಡಿಸಿ ಮತ್ತೆ ಒಳಗೆ ತಂದ್ರು.

ಟೆಸ್ಟ್ ಮಾಡ್ವಾಗ ಪ್ರೂವ್ ಲಾಕಿಂಗ್ (ಲಾಕ್‌ಡೆಪ್ ಆನ್ ಮಾಡೋ ಆಪ್ಷನ್), ಕೆಸಾನ್, ಕೆಸಿಸ್ಯಾನ್ (ಲಾಕಿಲ್ದೆ ಇಬ್ರು ಒಂದೇ ಡೇಟಾ ಮುಟ್ಟಿದ್ರೆ ಹಿಡಿಯೋದು) ಹಾಕಿದ ಬಿಲ್ಡ್‌ಗಳು ಬೇರೆ, ಸ್ಪೀಡ್ ನೋಡೋ ಬಿಲ್ಡ್ ಬೇರೆ ಇಡಿ, ಎರಡೂ ಒಂದೇ ಮಷೀನಲ್ಲಿ ಬೆರೆಸಿ ನಂಬರ್ ಓದ್ಬೇಡಿ. ವಿಲ್ ಇಟ್ ಸ್ಕೇಲ್ ಅನ್ನೋ ಬೆಂಚ್‌ಮಾರ್ಕಿನ ಪೇಜ್ ಫಾಲ್ಟ್ ಟೆಸ್ಟ್‌ಗಳನ್ನ ಒಂದು ಥ್ರೆಡ್ಡಿಂದ ಶುರು ಮಾಡಿ ಏರಿಸ್ತಾ ಹೋಗಿ, ಒಂದು ಥ್ರೆಡ್ಡಲ್ಲಿ ಎಷ್ಟು ಕಳ್ಕೊಂಡ್ರಿ ಅನ್ನೋದನ್ನ ಮುಚ್ಚಿಡ್ಬೇಡಿ. ಸ್ಟ್ರೆಸ್ ಎನ್‌ಜಿ ಅನ್ನೋ ಒತ್ತಡ ಹಾಕೋ ಟೂಲ್ ಜೊತೆ, ಕರ್ನಲ್‌ಗೆ ಮನಸ್ಸಿಗೆ ಬಂದ ಕರೆ ಕಳಿಸಿ ಬಗ್ ಹುಡುಕೋ ಸಿಜ್‌ಕಾಲರ್ ಕೂಡ ಬಿಡಿ. ಎಲ್ಲಕ್ಕಿಂತ ಮುಂಚೆ ನಿಮ್ಮ ಹಾಳೇಲಿ ಬೇರೆಯವ್ರು ಬರಬಾರ್ದು ಅಂತ ಲಾಕ್ ಹಿಡಿದಿರೋ ಪ್ರತಿ ಜಾಗಕ್ಕೂ ಒಂದೊಂದು ಚಿಕ್ಕ ಪ್ರೋಗ್ರಾಂ ಬರೀರಿ, ಒಂದು ಥ್ರೆಡ್ ಫಾಲ್ಟ್ ಮಾಡ್ತಾನೇ ಇರ್ಲಿ ಇನ್ನೊಂದು ಫೋರ್ಕ್ ಮಾಡ್ತಾನೇ ಇರ್ಲಿ ಅನ್ನೋ ತರ.

ಕಳಿಸ್ವಾಗ ಇಡೀ ಬದಲಾವಣೆಗೆ ಒಂದು ಕಾನ್ಫಿಗ್ ಸ್ವಿಚ್ ಇಟ್ಟು ಕಳಿಸಿ. ವಿಎಂಎ ಲಾಕಿಗೆ ಹಾಗಿತ್ತು, ಅದಕ್ಕೇ 2023ರ ಜುಲೈನಲ್ಲಿ ಕರಪ್ಷನ್ ಸುದ್ದಿ ಬಂದಾಗ ಫಿಕ್ಸ್ ರೆಡಿ ಆಗೋವರ್ಗೂ ಒಂದು ಲೈನಲ್ಲಿ ಆಫ್ ಮಾಡೋಕಾಯ್ತು, ಜನರ ಡೇಟಾ ಉಳೀತು. ಆನ್ ಮಾಡಿದ್ಮೇಲೆ ಸ್ಟ್ಯಾಟ್ಸ್ ಆಪ್ಷನ್ ಹಾಕಿದ್ರೆ ವಿಎಂಸ್ಟ್ಯಾಟಲ್ಲಿ ವಿಎಂಎ ಲಾಕ್ ಸಕ್ಸೆಸ್, ಅಬಾರ್ಟ್, ರೀಟ್ರೈ, ಮಿಸ್ ಅಂತ ನಾಲ್ಕು ನಂಬರ್ ಬರತ್ತೆ. ಸಕ್ಸೆಸ್ ಮಾತ್ರ ನೋಡಿ ಖುಷಿ ಪಡ್ಬೇಡಿ, ಅಬಾರ್ಟ್ ಏರ್ತಾ ಇದ್ರೆ ನಿಮ್ಮ ಹೊಸ ದಾರಿಗೆ ಬಂದೋರೆಲ್ಲ ವಾಪಸ್ ಹಳೇ ಬಾಗಿಲಿಗೇ ಹೋಗಿ ನಿಲ್ತಿದ್ದಾರೆ ಅಂತ ಅರ್ಥ, ಮುಂದಿನ ಪ್ಯಾಚ್ ಎಲ್ಲಿಂದ ಶುರು ಮಾಡ್ಬೇಕು ಅಂತ ಅದೇ ತೋರ್ಸತ್ತೆ.